ಕಾನೂನಿಗಿಂತ ಮೊದ್ಲು ಬಂದಿದ್ದು ಸಾಲದ ಲೆಕ್ಕ

ಪ್ರಪಂಚದ ಮೊದಲ ಲಿಖಿತ ಕಾನೂನು ಯಾರದ್ದು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಮುಕ್ಕಾಲುವಾಸಿ ಜನ ಬ್ಯಾಬಿಲೋನ್‌ನ ರಾಜ ಹಮ್ಮುರಾಬಿ ಅಂತಾರೆ, ಜೊತೆಗೆ ಕಣ್ಣಿಗೆ ಕಣ್ಣು ಹಲ್ಲಿಗೆ ಹಲ್ಲು ಅಂತಾನೂ ಸೇರಿಸ್ತಾರೆ. ಅವನು ಮೊದಲನೆಯವನಲ್ಲ. ಅವನಿಗಿಂತ ಮುನ್ನೂರು ವರ್ಷಕ್ಕೂ ಹಿಂದಿನ ಕಾನೂನಿನಲ್ಲಿ ಕಣ್ಣು ಹೋದ್ರೆ ದಂಡ ಕಟ್ಟಿ ಮುಗಿಸ್ಕೋಬಹುದಿತ್ತು. ಆದ್ರೆ ಈ ಕಥೇನ ರಾಜರಿಂದ ಶುರು ಮಾಡಿದ್ರೆ ಅರ್ಧ ಅರ್ಥ ಆಗಲ್ಲ, ಉಗ್ರಾಣದಿಂದ ಶುರು ಮಾಡ್ಬೇಕು.

ಈಗಿನ ಇರಾಕ್‌ನ ದಕ್ಷಿಣಕ್ಕೆ ಉರುಕ್ ಅಂತ ಒಂದು ನಗರ ಇತ್ತು. ಕ್ರಿ.ಪೂ. 3300ರ ಆಸುಪಾಸಿನಲ್ಲಿ ಅಲ್ಲಿನ ದೇವಸ್ಥಾನಗಳ ಸುತ್ತ ದೊಡ್ಡ ವ್ಯವಹಾರ ಬೆಳೆದಿತ್ತು: ಬಾರ್ಲಿ ಬರ್ತಿತ್ತು, ಕುರಿ ಬರ್ತಿತ್ತು, ಕೆಲಸದವರಿಗೆ ಪಡಿ ಅಳೆದು ಕೊಡ್ತಿದ್ರು. ಇಷ್ಟನ್ನೆಲ್ಲ ತಲೇಲಿ ಇಟ್ಕೊಳ್ಳೋಕೆ ಯಾರಿಗಾಗುತ್ತೆ, ಹಾಗಾಗಿ ಹಸಿ ಜೇಡಿಮಣ್ಣನ್ನ ಅಂಗೈ ಅಗಲಕ್ಕೆ ತಟ್ಟಿ ಅದರ ಮೇಲೆ ಜೊಂಡಿನ ಕಡ್ಡಿಯಿಂದ ಗುರುತು ಹಾಕೋಕೆ ಶುರು ಮಾಡಿದ್ರು. ಉರುಕ್‌ನಲ್ಲಿ ಸಿಕ್ಕಿರೋ ಸಾವಿರಾರು ಫಲಕಗಳಲ್ಲಿ ಬಹುಪಾಲು ಇಂಥ ಲೆಕ್ಕಾನೇ, ಉಳಿದವು ಬರವಣಿಗೆ ಕಲಿಯೋರಿಗೆ ಅಂತ ಮಾಡಿದ ಪದಗಳ ಪಟ್ಟಿ. ಕಾವ್ಯ ಇಲ್ಲ, ಪ್ರಾರ್ಥನೆ ಇಲ್ಲ, ರಾಜನ ಹೊಗಳಿಕೆನೂ ಇಲ್ಲ. ಊಟ ಅಥವಾ ಪಡಿ ಅನ್ನೋದಕ್ಕೆ ಒಂದು ತಲೆ, ಪಕ್ಕದಲ್ಲಿ ಒಂದು ಬಟ್ಟಲು. ಅಷ್ಟೇ ಚಿಹ್ನೆ. ಆ ಕಾಲದ ಕೆಲವು ಫಲಕಗಳಲ್ಲಿ ಕುಶಿಮ್ ಅಂತ ಒಂದು ಹೆಸರು ಮತ್ತೆ ಮತ್ತೆ ಬರುತ್ತೆ, ಒಂದರಲ್ಲಂತೂ 37 ತಿಂಗಳ ಬಾರ್ಲಿ ಲೆಕ್ಕ ಇದೆ. ಅದು ಮನುಷ್ಯನ ಹೆಸರೋ ಹುದ್ದೆಯ ಹೆಸರೋ ಅಂತ ಪಂಡಿತರು ಇನ್ನೂ ಚರ್ಚೆ ಮಾಡ್ತಾನೇ ಇದಾರೆ. ಮನುಷ್ಯನ ಹೆಸರೇ ಆಗಿದ್ರೆ, ಇತಿಹಾಸದಲ್ಲಿ ನಮಗೆ ಬರವಣಿಗೆಯಲ್ಲಿ ಸಿಗೋ ಅತಿ ಹಳೇ ಹೆಸರುಗಳಲ್ಲಿ ಒಂದು ಬಿಯರ್ ಮಾಡೋಕೆ ಧಾನ್ಯ ಲೆಕ್ಕ ಇಟ್ಟವನದ್ದು!

ಇದಕ್ಕೂ ಮುಂಚೆ ಸಾವಿರಾರು ವರ್ಷ ಅಲ್ಲಿನ ಜನ ಮಣ್ಣಿನ ಸಣ್ಣ ಸಣ್ಣ ಬಿಲ್ಲೆ, ಗೋಲಿ ಇಟ್ಕೊಂಡು ಎಣಿಸ್ತಿದ್ರು, ಆಮೇಲೆ ಅವನ್ನ ಮಣ್ಣಿನ ಉಂಡೆಯೊಳಗೆ ಹಾಕಿ ಮೇಲೆ ಮುದ್ರೆ ಒತ್ತೋಕೆ ಶುರು ಮಾಡಿದ್ರು, ಬರವಣಿಗೆ ಹುಟ್ಟಿದ್ದೇ ಅದರಿಂದ ಅಂತ ಪುರಾತತ್ವಜ್ಞೆ ಡೆನಿಸ್ ಶ್ಮಾಂಟ್-ಬೆಸ್ಸೆರಾ ವಾದ ಮಾಡಿದ್ರು. ಎಲ್ಲಾ ಪಂಡಿತರೂ ಪೂರ್ತಿ ಒಪ್ಪಲ್ಲ, ಆದ್ರೆ ಲೆಕ್ಕದಿಂದ ಹುಟ್ಟಿತು ಅನ್ನೋದರ ಬಗ್ಗೆ ಅಷ್ಟು ಜಗಳ ಇಲ್ಲ.

ಈಗ ಯೋಚಿಸಿ, ಯಾರು ಯಾರಿಗೆ ಎಷ್ಟು ಕೊಡ್ಬೇಕು ಅಂತ ಬರೆದಿಟ್ಟ ಮೇಲೆ ಮುಂದಿನ ತಕರಾರು ಏನಿರುತ್ತೆ? ಕೊಡದೆ ಹೋದ್ರೆ ಏನು, ಜಾಸ್ತಿ ಕಿತ್ಕೊಂಡ್ರೆ ಏನು. ಕ್ರಿ.ಪೂ. 2350ರ ಹೊತ್ತಿಗೆ ಅದೇ ಸೀಮೆಯ ಲಗಾಶ್ ನಗರದ ರಾಜ ಉರುಕಗಿನ ಮಣ್ಣಿನ ಶಂಕುಗಳ ಮೇಲೆ ಬರೆಸಿದ್ದು ಇದನ್ನೇ. ಹೆಣ ಹೂಳೋಕೆ ಹೋದ್ರೆ ಅದನ್ನ ಮಾಡಿಸೋನು ಏಳು ಹೂಜಿ ಬಿಯರ್, 420 ರೊಟ್ಟಿ, ಸಾಲದ್ದಕ್ಕೆ ಬಟ್ಟೆ, ಆಡು, ಮಂಚ ಎಲ್ಲಾ ತಗೊಳ್ತಿದ್ದನಂತೆ. ಅದನ್ನ ಮೂರು ಹೂಜಿ, 80 ರೊಟ್ಟಿಗೆ ಇಳಿಸಿದೆ ಅಂತ ರಾಜ ಹೇಳ್ಕೋತಾನೆ. ಇದು ಕಾನೂನು ಸಂಹಿತೆ ಅಲ್ಲ, ಸುಧಾರಣೆಯ ಘೋಷಣೆ, ಸ್ವಲ್ಪ ಜಾಹೀರಾತು ಕೂಡ ಅನ್ನಿ. ಆದ್ರೂ ಸತ್ತೋರ ಮನೇಲೂ ವಸೂಲಿ ಮಾಡೋ ಕೆಲಸ ಎಷ್ಟು ಹಳೇದು ನೋಡಿ.

"ಹೀಗೆ ಮಾಡಿದ್ರೆ ಹೀಗೆ" ಅನ್ನೋ ರೂಪದಲ್ಲಿ ನಮಗೆ ಸಿಕ್ಕಿರೋ ಅತಿ ಹಳೇ ಕಾನೂನು ಉರ್ ನಗರದ ರಾಜ ಉರ್-ನಮ್ಮು ಹೆಸರಲ್ಲಿದೆ, ಕ್ರಿ.ಪೂ. 2100ರ ಸುಮಾರಿನದ್ದು, ಕೆಲವರು ಅವನ ಮಗ ಶುಲ್ಗಿ ಮಾಡಿಸಿದ್ದು ಅಂತಾರೆ. ಅದರ ಫಲಕ ಇಸ್ತಾಂಬುಲ್ ಮ್ಯೂಸಿಯಂನಲ್ಲಿ ಸುಮ್ನೆ ಬಿದ್ದಿತ್ತು, 1952ರಲ್ಲಿ ಸುಮೇರಿಯನ್ ಭಾಷಾ ಪಂಡಿತ ಸ್ಯಾಮ್ಯುಯೆಲ್ ಕ್ರೇಮರ್ ಓದಿದ ಮೇಲೇ ಅದು ಏನು ಅಂತ ಗೊತ್ತಾಗಿದ್ದು. ಕೊಲೆಗೆ ಮರಣದಂಡನೆ ಇದೆ, ಆದ್ರೆ ಗಾಯಗಳಿಗೆಲ್ಲ ಬೆಳ್ಳಿಯ ರೇಟು. ಕಣ್ಣು ಹೋದ್ರೆ ಅರ್ಧ ಮಿನಾ, ಅಂದ್ರೆ ಸುಮಾರು ಕಾಲು ಕೆಜಿ ಬೆಳ್ಳಿ, ಹಲ್ಲು ಮುರಿದ್ರೆ 2 ಶೆಕೆಲ್ (60 ಶೆಕೆಲ್ ಸೇರಿದ್ರೆ ಒಂದು ಮಿನಾ). ನನಗಂತೂ ಇದು ಉಗ್ರಾಣದ ಲೆಕ್ಕದ ಪುಸ್ತಕದ್ದೇ ಮುಂದುವರಿದ ಪುಟ ಅನ್ಸುತ್ತೆ. ಆಮೇಲೆ ಬಂದ ಎಶ್ನುನ್ನಾ ನಗರದ ಕಾನೂನು ಶುರುವಾಗೋದೇ ಬಾರ್ಲಿ, ಎಣ್ಣೆ, ಉಣ್ಣೆಗಳ ಬೆಲೆಪಟ್ಟಿಯಿಂದ.

ಹಮ್ಮುರಾಬಿ (ಕ್ರಿ.ಪೂ. 1792–1750) ಬಂದಾಗ ಮಾತ್ರ ಕಣ್ಣಿಗೆ ಕಣ್ಣು ಬಂತು, ಅದೂ ಎಲ್ಲರಿಗೂ ಅಲ್ಲ. ಮೇಲ್ವರ್ಗದವನ ಕಣ್ಣು ಕಿತ್ತರೆ ಕಿತ್ತವನ ಕಣ್ಣು ಹೋಗುತ್ತೆ, ಸಾಮಾನ್ಯನ ಕಣ್ಣಾದ್ರೆ ಒಂದು ಮಿನಾ ಬೆಳ್ಳಿ, ಗುಲಾಮನದ್ದಾದ್ರೆ ಅವನ ಬೆಲೆಯ ಅರ್ಧ. ಶಾಲೇಲಿ ಈ ಭಾಗ ಹೇಳೋದು ಕಮ್ಮಿ.

ಆದ್ರೆ ಆ ಸುಮಾರು 282 ಕಲಮುಗಳಲ್ಲಿ ನನ್ನನ್ನ ಹಿಡಿದು ನಿಲ್ಲಿಸೋದು 48ನೇದು. ಸಾಲ ಮಾಡಿದವನ ಹೊಲ ಪ್ರವಾಹಕ್ಕೆ ಹೋದ್ರೆ, ಇಲ್ಲಾ ನೀರಿಲ್ದೆ ಬೆಳೆ ಬರದಿದ್ರೆ, ಆ ವರ್ಷ ಅವನು ಸಾಲ ಕೊಟ್ಟೋನಿಗೆ ಧಾನ್ಯ ಕೊಡಬೇಕಾಗಿಲ್ಲ, ಬಡ್ಡೀನೂ ಇಲ್ಲ, ತನ್ನ ಫಲಕ ಒದ್ದೆ ಮಾಡ್ಬಹುದು ಅಂತ ಅದರಲ್ಲಿದೆ. ಬಿಸಿಲಲ್ಲಿ ಒಣಗಿಸಿದ ಮಣ್ಣಲ್ವಾ, ನೀರು ಸೋಕಿದ್ರೆ ಮೆತ್ತಗಾಗುತ್ತೆ, ಬರೆದಿದ್ದನ್ನ ತಿದ್ದಬಹುದು.

ಹಾಗೆ ತಿದ್ದೋಕೆ ಬರುತ್ತೆ ಅಂದ ಮೇಲೆ ಮೋಸಾನೂ ಬರುತ್ತೆ, ಅದಕ್ಕೆ ಒಂದು ಉಪಾಯ ಇತ್ತು. ಕರಾರಿನ ಫಲಕ ಬರೆದು ಅದರ ಸುತ್ತ ಇನ್ನೊಂದು ಪದರ ಮಣ್ಣು ಮುಚ್ತಿದ್ರು, ಲಕೋಟೆ ಥರ, ಆ ಲಕೋಟೆ ಮೇಲೂ ಅದೇ ಒಕ್ಕಣೆ ಬರೆದು ಸಾಕ್ಷಿಗಳ ಮುದ್ರೆ ಉರುಳಿಸ್ತಿದ್ರು. ಹೊರಗಿಂದನ್ನ ಯಾರೋ ತಿದ್ದಿದಾರೆ ಅಂತ ತಕರಾರು ಬಂದ್ರೆ ನ್ಯಾಯಾಧೀಶರ ಎದುರು ಲಕೋಟೆ ಒಡೆದು ಒಳಗಿನ ಪ್ರತಿ ನೋಡಿದ್ರೆ ಆಯ್ತು. ಹಮ್ಮುರಾಬಿ ಕಾನೂನೂ ಪತ್ರದ ಮೇಲೇ ನಿಂತಿದೆ: ಕರಾರಿಲ್ದೆ ಮದುವೆಯಾದ್ರೆ ಅವಳು ಹೆಂಡತಿ ಅಲ್ಲ, ಸಾಕ್ಷಿ ಇಲ್ದೆ ಇನ್ನೊಬ್ಬರ ಮಗನ ಹತ್ರವೋ ಗುಲಾಮನ ಹತ್ರವೋ ಏನಾದ್ರೂ ತಗೊಂಡ್ರೆ ನೀನೇ ಕಳ್ಳ.

ಇಷ್ಟಾದ್ರೂ ಸಾಲ ಕೊಡೋರು ದಾರಿ ಹುಡುಕ್ತಾನೇ ಇದ್ರು. ಅದೇ ವಂಶದ ಅಮ್ಮಿ-ಸದುಕ ರಾಜ ನೂರು ವರ್ಷ ಆದ್ಮೇಲೆ ಹೊರಡಿಸಿದ ಆಜ್ಞೆಯಲ್ಲಿ ಬಾರ್ಲಿ, ಬೆಳ್ಳಿ ಸಾಲಗಳನ್ನ ಮನ್ನಾ ಮಾಡಿದ, ವ್ಯಾಪಾರಕ್ಕೆ ಕೊಟ್ಟ ಬಂಡವಾಳ ಬಿಟ್ಟು. ಮನ್ನಾ ಆಗುತ್ತೆ ಅಂದ ಕೂಡಲೇ "ನಾನು ಬಡ್ಡಿಗೆ ಕೊಟ್ಟಿದ್ದಲ್ಲ, ಸಾಮಾನು ಖರೀದಿಗೆ ಅಂತ ಕೊಟ್ಟಿದ್ದು" ಅಂತ ಪತ್ರ ತಿರುಚೋರು ಇರ್ತಾರಲ್ಲ, ಅವರಿಗೂ ಆ ಆಜ್ಞೆಯಲ್ಲೇ ಜಾಗ ಇದೆ: ಸಾಕ್ಷಿಗಳಿಂದ ಸಾಬೀತಾದ್ರೆ ಆರು ಪಟ್ಟು ಕಟ್ಟಬೇಕು. ಅಂದ್ರೆ ಬರೆಸಿದವನಿಗೆ ಈ ಆಟ ಮೊದ್ಲೇ ಚೆನ್ನಾಗಿ ಗೊತ್ತಿತ್ತು.

ಇನ್ನು ಹಮ್ಮುರಾಬಿ ಕಾನೂನು ಕೆತ್ತಿರೋ ಆ ಪ್ರಸಿದ್ಧ ಕಲ್ಲು. ಎರಡೂಕಾಲು ಮೀಟರ್ ಎತ್ತರದ ಕಪ್ಪು ಕಲ್ಲು ಅದು, 1901-02ರಲ್ಲಿ ಫ್ರೆಂಚರ ಉತ್ಖನನದಲ್ಲಿ ಸಿಕ್ಕಿದ್ದು ಬ್ಯಾಬಿಲೋನ್‌ನಲ್ಲಲ್ಲ, ಇರಾನ್‌ನ ಸೂಸಾದಲ್ಲಿ, ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ. ಅನ್ಯಾಯ ಆದವನು ಬಂದು ಇದನ್ನ ಓದಿಸಿ ಕೇಳಲಿ ಅಂತ ಹಮ್ಮುರಾಬಿ ಅದರಲ್ಲಿ ಬರೆಸಿದಾನೆ, ಆದ್ರೆ ಆ ಕಾಲದ ತೀರ್ಪಿನ ಪತ್ರಗಳಲ್ಲಿ ಈ ಕಲಮುಗಳನ್ನ ಹಿಡಿದು ತೀರ್ಪು ಕೊಟ್ಟ ಹಾಗೆ ಕಾಣಲ್ಲ. ಕೊನೆಗೆ ಇದನ್ನ ಅಳಿಸಿದವನಿಗೆ ಉದ್ದಕ್ಕೆ ಶಾಪ ಹಾಕಿದಾನೆ, ನಮ್ಮ ದಾನಶಾಸನಗಳ ಶಾಪಾಶಯ ಓದಿದವರಿಗೆ ಆ ಧಾಟಿ ಹೊಸದು ಅನ್ಸಲ್ಲ. ಶಾಪಕ್ಕೆ ಯಾರೂ ಹೆದರಲಿಲ್ಲ. ಕ್ರಿ.ಪೂ. 12ನೇ ಶತಮಾನದಲ್ಲಿ ಈಗಿನ ಇರಾನ್ ಕಡೆ ಇದ್ದ ಎಲಾಮ್ ರಾಜ್ಯದ ಜನ ಲೂಟಿ ಮಾಡಿ ಸೂಸಾಗೆ ಹೊತ್ಕೊಂಡು ಹೋದ್ರು, ಕಲ್ಲಿನ ಕೆಳಭಾಗದ ಕೆಲವು ಕಾಲಂ ಕೆತ್ತಿ ಹಾಕಿದ್ರು. ಹೀಗೆ ಅಳಿಸಿ ಹೋದದ್ದರಲ್ಲಿ ಬಡ್ಡಿಯ ಕಲಮೂ ಇತ್ತು, ಬಾರ್ಲಿಗೆ ಮೂರನೇ ಒಂದು ಪಾಲು, ಬೆಳ್ಳಿಗೆ ಐದನೇ ಒಂದು ಪಾಲು ಅಂತ. ಲಿಪಿಕಾರರು ಸಾವಿರ ವರ್ಷಕ್ಕೂ ಮಿಕ್ಕಿ ಇದನ್ನ ಪ್ರತಿ ಮಾಡ್ಕೊಂಡು ಬಂದಿದ್ರಿಂದ, ಆ ಬಡ್ಡಿ ದರ ನಮಗೆ ಇವತ್ತು ಗೊತ್ತಿರೋದು ಮಣ್ಣಿನ ಫಲಕಗಳಿಂದಾನೇ.