ರೋಮನ್ನರ ಧರ್ಮಕ್ಕೆ ಹೆಸರೇ ಇರಲಿಲ್ಲ

ಸುಮಾರು ಕ್ರಿ.ಪೂ. 160ರಲ್ಲಿ ರೋಮಿನ ರಾಜಕಾರಣಿ ಕ್ಯಾಟೊ ಬೇಸಾಯದ ಬಗ್ಗೆ ಒಂದು ಪುಸ್ತಕ ಬರೆದ. ದ್ರಾಕ್ಷಿತೋಟ, ಎಣ್ಣೆಗಾಣ, ಎತ್ತುಗಳ ಆರೈಕೆ ಎಲ್ಲವೂ ಅದರಲ್ಲಿದೆ. ಒಂದು ಕಡೆ, ದೇವರಕಾಡಿನಲ್ಲಿ ಮರ ಸವರಬೇಕಾದರೆ ಏನು ಮಾಡಬೇಕು ಎಂದೂ ಹೇಳುತ್ತಾನೆ. ಮೊದಲು ಒಂದು ಹಂದಿಯನ್ನು ಬಲಿ ಕೊಡಬೇಕು. ಆಗ ಆಡಬೇಕಾದ ಮಾತನ್ನೂ ಬರೆದುಕೊಟ್ಟಿದ್ದಾನೆ. ಈ ಕಾಡು ಯಾರದೋ, ನೀನು ದೇವನಾಗಿರು, ದೇವಿಯಾಗಿರು, ಈ ಹಂದಿ ನಿನಗೆ ಸಲ್ಲಬೇಕಾದದ್ದು. ನಾನೇ ಕಡಿದರೂ, ನನ್ನ ಮಾತಿನಂತೆ ಬೇರೆಯವರು ಕಡಿದರೂ, ಕೆಲಸ ಸರಿಯಾಗಿ ಆಗಲಿ. ನನಗೂ ನನ್ನ ಮನೆಗೂ ಮಕ್ಕಳಿಗೂ ಒಲಿದಿರು. ಇಷ್ಟಕ್ಕೇ ಮುಗಿಯಲಿಲ್ಲ. ನೆಲವನ್ನೂ ಅಗೆಯಬೇಕಿದ್ದರೆ ಇನ್ನೊಂದು ಬಲಿ ಕೊಡಬೇಕು, ಯಾವ ಕೆಲಸಕ್ಕಾಗಿ ಅಂತ ಮಾತು ಸೇರಿಸಿ ಹೇಳಬೇಕು.

ಓದಿದರೆ ವಕೀಲರು ಬರೆದ ಕರಾರುಪತ್ರದ ಹಾಗಿದೆ. ಯಾವ ಸಂದಿಯೂ ಉಳಿಯಬಾರದು. ಅಲ್ಲಿರುವುದು ಯಾವ ದೇವರು ಅಂತ ಗೊತ್ತಿಲ್ಲ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಆದರೂ ಆ ದೇವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ರೋಮಿನ ಪ್ಯಾಲಟೈನ್ ಬೆಟ್ಟದಲ್ಲಿ 1820ರಲ್ಲಿ ಸಿಕ್ಕ ಒಂದು ಬಲಿಪೀಠದ ಮೇಲೂ ಇದೇ ಮಾತು ಕೆತ್ತಿದೆ: ‘ದೇವನಿಗಾಗಲಿ ದೇವಿಗಾಗಲಿ ಅರ್ಪಿತ’. ಸೆನೆಟ್ಟಿನ ತೀರ್ಮಾನದಂತೆ ಒಬ್ಬ ಅಧಿಕಾರಿ ಅದನ್ನು ಮತ್ತೆ ಕಟ್ಟಿಸಿದ ಎಂದೂ ಬರೆದಿದೆ. ಹೆಸರು ತಿಳಿಯದ ದೇವರಿಗೆ ಸರ್ಕಾರವೇ ಜೀರ್ಣೋದ್ಧಾರ ಮಾಡಿಸಿತ್ತು!

ಗೊತ್ತಿರುವ ಕಡೆಯಂತೂ ಹೆಸರುಗಳಿಗೆ ಬರವಿರಲಿಲ್ಲ. ಬೆಳೆಯ ದೇವಿ ಸೆರೆಸ್‌ಗೆ ಬಲಿ ಕೊಡುವಾಗ ಪೂಜಾರಿ 12 ದೇವರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದ. ಮೊದಲ ಉಳುಮೆಗೆ ವೆರ್ವಾಕ್ಟರ್, ಎರಡನೆಯದಕ್ಕೆ ರೆದಾರಾಟರ್. ಸಾಲು ಹೊಡೆಯಲು, ಬಿತ್ತಲು, ಕಳೆ ತೆಗೆಯಲು ಬೇರೆಬೇರೆ ದೇವರು. ಕೊಯ್ಲಿಗೆ ಮೆಸ್ಸರ್, ಕಣಜ ತುಂಬಲು ಕೊಂಡಿಟರ್. ತುಂಬಿದ ಕಣಜದಿಂದ ಕಾಳು ಹೊರಗೆ ತೆಗೆಯುವುದಕ್ಕೂ ಒಬ್ಬ, ಪ್ರೊಮಿಟರ್. ಮನೆಯ ಬಾಗಿಲಿಗೊಬ್ಬ, ಬಾಗಿಲಿನ ತಿರುಗಣಿಗೆ ಒಬ್ಬಳು, ಹೊಸ್ತಿಲಿಗೆ ಇನ್ನೊಬ್ಬ. ಕ್ರೈಸ್ತ ಸಂತ ಅಗಸ್ಟೀನ್ ಕ್ರಿ.ಶ. 5ನೇ ಶತಮಾನದಲ್ಲಿ ಈ ಪಟ್ಟಿ ಹಿಡಿದು ಗೇಲಿ ಮಾಡಿದ. ಒಂದು ಮನೆಗೆ ಒಬ್ಬ ಕಾವಲುಗಾರ ಸಾಕಲ್ವಾ ಎಂಬುದು ಅವನ ಪ್ರಶ್ನೆ. ನನಗೆ ಆ ಪಟ್ಟಿಯಲ್ಲಿ ಕಾಣುವುದು ಹೊಲದ ಒಂದೊಂದು ಕೆಲಸವನ್ನೂ ಗೌರವದಿಂದ ನೋಡಿದ ಕಣ್ಣು.

ದೇವರ ಹೆಸರಿನ ವಿಷಯದಲ್ಲಿ ಇಷ್ಟು ಜಾಗ್ರತೆ ವಹಿಸಿದ ಈ ಜನ ತಮ್ಮ ಧರ್ಮಕ್ಕೆ ಮಾತ್ರ ಹೆಸರಿಡಲಿಲ್ಲ. ಇಡಬೇಕು ಅಂತ ಅವರಿಗೆ ಅನ್ನಿಸಿದ್ದೇ ಇಲ್ಲ. ‘ರಿಲಿಜಿಯೊ’ ಎಂಬ ಲ್ಯಾಟಿನ್ ಪದ ಅವರದೇ, ನಿಜ. ಆದರೆ ಅವರ ಬಾಯಲ್ಲಿ ಅದು ದೇವರ ವಿಷಯದಲ್ಲಿರಬೇಕಾದ ಕಟ್ಟುನಿಟ್ಟು, ಅಂಜಿಕೆ, ಹೊಣೆ. ಆ ಅಂಜಿಕೆ ಅತಿಯಾದರೆ ‘ಸೂಪರ್‌ಸ್ಟಿಷಿಯೊ’. ರೋಮಿನ ಚಿಂತಕ ಸಿಸೆರೊ ರಿಲಿಜಿಯೊವನ್ನು ‘ಕುಲ್ಟುಸ್ ದೆಯೋರುಮ್’ ಎಂದು ಬಿಡಿಸಿ ಹೇಳುತ್ತಾನೆ, ಅಂದರೆ ದೇವರುಗಳ ಸೇವೆ. ಅದು ಮಾಡುವ ಕೆಲಸ. ಸೇರಿಕೊಳ್ಳುವ ಒಂದು ಪಂಥವಲ್ಲ.

ಹಾಗಾಗಿ ಎಲ್ಲ ಎಚ್ಚರವೂ ಕೆಲಸದ ಮೇಲೆ. ದೊಡ್ಡ ಸಾರ್ವಜನಿಕ ಪ್ರಾರ್ಥನೆ ಹೇಗೆ ನಡೆಯುತ್ತಿತ್ತು ಅಂತ ರೋಮಿನ ಲೇಖಕ ಹಿರಿಯ ಪ್ಲಿನಿ ಬರೆದಿದ್ದಾನೆ. ಒಂದು ಮಾತೂ ಬಿಟ್ಟುಹೋಗದಂತೆ ಒಬ್ಬ ಬರಹ ನೋಡಿ ಹೇಳಿಕೊಡುತ್ತಾನೆ. ಇನ್ನೊಬ್ಬ ತಪ್ಪಾಗದಂತೆ ಕಾಯುತ್ತಾನೆ. ಮತ್ತೊಬ್ಬ ಜನರನ್ನು ಸುಮ್ಮನಿರಿಸುತ್ತಾನೆ. ಬೇರೆ ಸದ್ದು ಕಿವಿಗೆ ಬೀಳದಿರಲಿ ಎಂದು ವಾದ್ಯದವನು ಊದುತ್ತಲೇ ಇರುತ್ತಾನೆ. ಬಲಿ ಕೊಡುವವನು ಟೋಗಾ ಎಂಬ ಉದ್ದ ಹೊದಿಕೆಯ ಅಂಚನ್ನು ತಲೆಯ ಮೇಲೆ ಹೊದ್ದಿರುತ್ತಾನೆ. ವೆಸ್ಟಾ ದೇವಿಯ ಕನ್ಯೆಯರು ಸಿದ್ಧಮಾಡಿದ ಉಪ್ಪು ಬೆರೆಸಿದ ಹಿಟ್ಟನ್ನು ಪ್ರಾಣಿಯ ಮೇಲೆ ಉದುರಿಸುತ್ತಾರೆ. ಆಮೇಲೆ ಯಕೃತ್ತು, ಪಿತ್ತಕೋಶದಂಥ ಒಳಾಂಗ ತೆಗೆದು ನೋಡುತ್ತಾರೆ. ಅಲ್ಲಿ ಏನಾದರೂ ಊನ ಕಂಡರೆ ದೇವರು ಒಪ್ಪಲಿಲ್ಲ ಎಂದರ್ಥ, ಇನ್ನೊಂದು ಪ್ರಾಣಿ ತರಬೇಕು.

ಕ್ರಿ.ಪೂ. 176ರ ಲ್ಯಾಟಿನ್ ಹಬ್ಬದಲ್ಲಿ ಲನೂವಿಯಮ್ ಎಂಬ ಊರಿನ ಅಧಿಕಾರಿ ಒಂದು ಪ್ರಾಣಿಯನ್ನು ಅರ್ಪಿಸುವಾಗ ರೋಮಿನ ಜನರ ಹೆಸರಲ್ಲಿ ಬೇಡಿಕೊಳ್ಳುವುದನ್ನು ಮರೆತ. ವಿಷಯ ಸೆನೆಟ್‌ಗೆ ಹೋಯಿತು, ಅಲ್ಲಿಂದ ಪುರೋಹಿತರ ಮಂಡಳಿಗೆ. ಹಬ್ಬ ಪೂರ್ತಿ ಮತ್ತೆ ನಡೆಯಬೇಕು, ಬಲಿಯ ಪ್ರಾಣಿಗಳನ್ನು ಲನೂವಿಯಮ್‌ನವರೇ ಕೊಡಬೇಕು ಎಂದು ತೀರ್ಪಾಯಿತು. ಆ ಅಧಿಕಾರಿಯ ಮನಸ್ಸಿನಲ್ಲಿ ಭಕ್ತಿ ಇತ್ತೋ ಇಲ್ಲವೋ, ಯಾರೂ ಕೇಳಲಿಲ್ಲ.

ಇದನ್ನು ನೋಡಿ ‘ಬರೀ ಒಣ ಆಚರಣೆ’ ಎಂದು ತಳ್ಳಿಹಾಕಿದವರು ಬಹಳ. ನಾನು ಒಪ್ಪುವುದಿಲ್ಲ. ಕ್ರಿ.ಪೂ. 45ರಲ್ಲಿ ಸಿಸೆರೊ ದೇವರುಗಳ ಬಗ್ಗೆ ಒಂದು ಸಂವಾದ ಬರೆದ. ಅವನು ಸ್ವತಃ ಹಕ್ಕಿಶಕುನ ನೋಡುವ ಆಗರ್ ಎಂಬ ಅಧಿಕಾರದಲ್ಲಿದ್ದವನು. ಆ ಸಂವಾದದಲ್ಲಿ ಪುರೋಹಿತ ಕೊಟ್ಟಾ ಹೇಳುತ್ತಾನೆ: ಪೂಜೆಯ ವಿಷಯದಲ್ಲಿ ನನಗೆ ಹಿರಿಯರ ಮಾತೇ ಸಾಕು, ಕಾರಣ ಬೇಕಿಲ್ಲ. ಆದರೆ ನೀವು ತತ್ವಶಾಸ್ತ್ರದವರು, ನೀವು ಕಾರಣ ಕೊಡಲೇಬೇಕು. ಹೀಗೆ ಹೇಳಿ ದೇವರ ಬಗೆಗಿನ ವಾದಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಪ್ರಶ್ನಿಸುತ್ತಾನೆ. ಪೂಜೆ ಎಲ್ಲರದು, ಯೋಚನೆ ಅವರವರದು. ಇಂಥ ಬಿಡುವು ಒಂದು ಸಮಾಜಕ್ಕೆ ದೊಡ್ಡ ಆಸ್ತಿ.

ಪೂಜೆಯೇ ಎಲ್ಲರದಾದ್ದರಿಂದ ಅದು ರಾಜ್ಯದ ಕೆಲಸವೂ ಆಗಿತ್ತು. ದೊಡ್ಡ ಪುರೋಹಿತರೆಲ್ಲ ರಾಜಕಾರಣಿಗಳೇ. ಜೂಲಿಯಸ್ ಸೀಸರ್ ಕ್ರಿ.ಪೂ. 63ರಲ್ಲಿ ಚುನಾವಣೆ ಗೆದ್ದು ಮಹಾಪುರೋಹಿತನಾದ. ಅಗಸ್ಟಸ್‌ನಿಂದ ಮುಂದೆ ಆ ಪಟ್ಟ ಚಕ್ರವರ್ತಿಗಳದೇ ಆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಟೈಬೀರಿಯಸ್‌ನ ದಿನಾರಿಗಳಲ್ಲಿ ಜಾಸ್ತಿ ಸಿಗುವ ಮಾದರಿಯಲ್ಲಿ ಒಂದು ಬದಿ ಅವನ ಮುಖ, ಸುತ್ತ ‘ದೇವನಾದ ಅಗಸ್ಟಸನ ಮಗ’ ಎಂಬ ಬರಹ. ಇನ್ನೊಂದು ಬದಿ ‘ಪೊಂಟಿಫ್ ಮ್ಯಾಕ್ಸಿಮ್’, ಅಂದರೆ ಮಹಾಪುರೋಹಿತ. ದೇವರು, ರಾಜ, ಪುರೋಹಿತ ಮೂವರೂ ಒಂದೇ ನಾಣ್ಯದಲ್ಲಿ.

ಹೊರಗಿನ ದೇವರಿಗೂ ಬಾಗಿಲು ತೆರೆದಿತ್ತು. ಕ್ರಿ.ಪೂ. 396ರಲ್ಲಿ ನೆರೆಯ ವೆಯ್ ಪಟ್ಟಣ ರೋಮನ್ನರ ಕೈಸೇರಿದಾಗ ಅಲ್ಲಿನ ಜೂನೊ ದೇವಿಯ ಮುಂದೆ ನಿಂತು ಒಬ್ಬ ಯುವಕ ‘ರೋಮಿಗೆ ಬರ್ತೀಯಾ, ಜೂನೊ?’ ಎಂದು ಕೇಳಿದನಂತೆ. ಮೂರ್ತಿ ತಲೆಯಾಡಿಸಿತು ಎಂದು ಜನ ಹೇಳಿಕೊಂಡರು. ಕ್ರಿ.ಪೂ. 204ರಲ್ಲಿ ಇಂದಿನ ಟರ್ಕಿಯ ಕಡೆಯಿಂದ ಮಹಾಮಾತೆ ಸಿಬೆಲೆ ಕಪ್ಪು ಕಲ್ಲಿನ ರೂಪದಲ್ಲಿ ಬಂದಳು. ಆದರೆ ಲೆಕ್ಕಕ್ಕೆ ಸಿಗದ ಗುಂಪು ಎಂದರೆ ಸೆನೆಟ್ಟಿಗೆ ಭಯ. ಕ್ರಿ.ಪೂ. 186ರಲ್ಲಿ ಬ್ಯಾಕಸ್ ದೇವರ ಪೂಜೆಗೆ ಅಪ್ಪಣೆಯಿಲ್ಲದೆ ಐದು ಜನಕ್ಕಿಂತ ಹೆಚ್ಚು ಸೇರಬಾರದು ಎಂದು ಆಜ್ಞೆ ಹೊರಡಿಸಿತು. ಆ ಆಜ್ಞೆಯ ಕಂಚಿನ ಫಲಕ ಈಗ ವಿಯೆನ್ನಾದಲ್ಲಿದೆ.

ಕೊನೆಗೂ ಹೆಸರು ಬಂತು, ಹೊರಗಿನವರಿಂದ. 4ನೇ ಶತಮಾನದ ಕ್ರೈಸ್ತರು ತಮ್ಮವರಲ್ಲದವರನ್ನು ‘ಪಗಾನುಸ್’ ಎನ್ನತೊಡಗಿದರು. ಹಳೆಯ ಅರ್ಥ ಹಳ್ಳಿಯವನು; ಸೈನಿಕರ ಮಾತಿನಲ್ಲಿ, ಸೈನಿಕನಲ್ಲದವನು. ಗ್ರೀಕ್ ಮಾತಾಡುವ ಪೂರ್ವದಲ್ಲಿ ‘ಹೆಲ್ಲೇನರು’, ಅಂದರೆ ಗ್ರೀಕರು, ಎಂದರು. ಇಂದು ಅದೇ ಆಚರಣೆಗಳನ್ನು ಮತ್ತೆ ನಡೆಸಲು ಹೊರಟವರು ‘ರಿಲಿಜಿಯೊ ರೊಮಾನ’ ಎನ್ನುತ್ತಾರೆ. ವಿದ್ವಾಂಸರಲ್ಲಿ ಹಲವರು ‘ರೋಮಿನ ಧರ್ಮಗಳು’ ಎಂದು ಬಹುವಚನದಲ್ಲಿ ಬರೆಯುತ್ತಾರೆ. ನನಗೆ ಈ ಬಹುವಚನವೇ ಸರಿ ಅನ್ನಿಸುತ್ತದೆ. 384ರಲ್ಲಿ ರೋಮಿನ ಹಿರಿಯ ಅಧಿಕಾರಿ ಸಿಮ್ಮಾಕಸ್ ಸೆನೆಟ್ ಭವನಕ್ಕೆ ವಿಜಯದೇವಿಯ ಪೀಠವನ್ನು ಮರಳಿ ಕೊಡಿ ಎಂದು ಚಕ್ರವರ್ತಿಗೆ ಬರೆದ. ಅವನೂ ರಾಜ್ಯಕ್ಕೆ ಬಹುಕಾಲ ಒಳಿತು ಮಾಡಿದ ‘ರಿಲಿಜಿಯೊಗಳ’ ಸ್ಥಿತಿಯನ್ನೇ ಕೇಳಿದ್ದು, ಬಹುವಚನದಲ್ಲಿ. ಮನವಿ ತಿರಸ್ಕಾರವಾಯಿತು.

392ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಎಲ್ಲವನ್ನೂ ನಿಲ್ಲಿಸುವ ಕಾನೂನು ತಂದ. ಒಂದೇ ಮಾತಿನಲ್ಲಿ ಇಂಥ ಧರ್ಮ ನಿಷಿದ್ಧ ಎಂದರೆ ಸಾಲುವಂತಿರಲಿಲ್ಲ. ಕೆಲಸಗಳನ್ನೇ ಒಂದೊಂದಾಗಿ ಬರೆಯಬೇಕಾಯಿತು. ಮನೆಯ ಲಾರ್ ದೇವರಿಗೆ ಬೆಂಕಿ, ಮನೆಯೊಡೆಯನ ಕಾವಲು ದೈವ ಜೀನಿಯಸ್‌ಗೆ ದ್ರಾಕ್ಷಾರಸ, ಉಗ್ರಾಣ ಕಾಯುವ ಪೆನೇಟ್ಸ್ ದೇವರಿಗೆ ಸುಗಂಧ ಅರ್ಪಿಸಕೂಡದು. ದೀಪ ಹಚ್ಚಕೂಡದು, ಧೂಪ ಹಾಕಕೂಡದು, ಹೂಮಾಲೆ ತೂಗುಹಾಕಕೂಡದು. ಧೂಪ ಹಾಕಿದ್ದು ಸಾಬೀತಾದ ಜಾಗ ಮಾಡಿದವನದೇ ಆಗಿದ್ದರೆ ಅದು ಸರ್ಕಾರದ ವಶಕ್ಕೆ.