ಸ್ಕ್ರೀ: ಕಾಲಿಟ್ಟರೆ ಜಾರುವ ಕಲ್ಲಿನ ಇಳಿಜಾರು

ಕಡಿದಾದ ಬಂಡೆಗಳ ಬುಡದಲ್ಲಿ ಕಲ್ಲಿನ ಚೂರುಗಳು ಉದುರಿ ಉದುರಿ ಒಂದು ಇಳಿಜಾರೇ ಆಗಿಬಿಟ್ಟಿರುತ್ತದೆ. ಪರ್ವತ ಹತ್ತುವವರು ಅದನ್ನು ಸ್ಕ್ರೀ ಅನ್ನುತ್ತಾರೆ. ಮುಷ್ಟಿಗಾತ್ರದ ಮತ್ತು ಅದಕ್ಕಿಂತ ಚಿಕ್ಕ ಕಲ್ಲುಗಳಿದ್ದರೆ ಸ್ಕ್ರೀ. ಮಂಡಿಯೆತ್ತರ, ಆಳೆತ್ತರದ ಬಂಡೆಗಳೇ ತುಂಬಿದ್ದರೆ ಟೇಲಸ್. ಕೆಲವರು ಎರಡಕ್ಕೂ ಒಂದೇ ಹೆಸರು ಹೇಳುವುದುಂಟು. ಆದರೆ ನಡೆಯುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

ಬಂಡೆಯ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಮತ್ತೆ ಕರಗುತ್ತದೆ, ಮತ್ತೆ ಹಿಗ್ಗುತ್ತದೆ. ಕೊನೆಗೆ ಕಲ್ಲು ಸೀಳಿ ಕೆಳಗೆ ಬೀಳುತ್ತದೆ. ದೊಡ್ಡ ಕಲ್ಲು ಹೆಚ್ಚು ದೂರ ಉರುಳುವುದರಿಂದ ಸಾಮಾನ್ಯವಾಗಿ ಬುಡದಲ್ಲಿ ದಪ್ಪ ಕಲ್ಲು, ಮೇಲೆ ಹೋದಂತೆ ಸಣ್ಣ ಚೂರು.

ಅಸಲಿ ವಿಷಯ ಇರುವುದು ಇಳಿಜಾರಿನ ಓರೆಯಲ್ಲಿ. ಲಾರಿಯಿಂದ ಜಲ್ಲಿ ಸುರಿಯುವುದನ್ನು ನೋಡಿದ್ದೀರಲ್ವಾ? ಗುಡ್ಡೆ ಒಂದು ಮಟ್ಟದವರೆಗೆ ಕಡಿದಾಗುತ್ತದೆ. ಆಮೇಲೆ ಎಷ್ಟು ಸುರಿದರೂ ಜಲ್ಲಿ ಬದಿಗೆ ಜಾರುತ್ತದೆಯೇ ಹೊರತು ಓರೆ ಹೆಚ್ಚುವುದಿಲ್ಲ. ಆ ಕೊನೆಯ ಓರೆಗೆ ಆಂಗಲ್ ಆಫ್ ರಿಪೋಸ್ ಎಂದು ಹೆಸರು. ಸ್ಕ್ರೀಯಲ್ಲಿ ಇದು ಹೆಚ್ಚುಕಡಿಮೆ 30ರಿಂದ 37 ಡಿಗ್ರಿ. ಅಂದರೆ ಇಡೀ ಇಳಿಜಾರು ಇನ್ನೇನು ಜಾರಬೇಕು ಅನ್ನುವ ಹಂತದಲ್ಲೇ ನಿಂತಿದೆ. ನಿಮ್ಮ ಒಂದು ಹೆಜ್ಜೆ ಸಾಕು.

ಹಾಗಾಗಿ ಸ್ಕ್ರೀ ಹತ್ತುವಷ್ಟು ಬೇಜಾರಿನ ಕೆಲಸ ಬೆಟ್ಟದಲ್ಲಿ ಇನ್ನೊಂದಿಲ್ಲ. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ನೇರ ಹತ್ತಲು ಹೋಗಬೇಡಿ, ಓರೆಯಾಗಿ ಅತ್ತಿತ್ತ ಹತ್ತಿ. ಹೆಜ್ಜೆ ಚಿಕ್ಕದಿರಲಿ. ಅಂಚಿನಲ್ಲಿ ಗಟ್ಟಿ ಬಂಡೆಯೋ ಹುಲ್ಲೋ ಇದ್ದರೆ ಆ ಕಡೆಗೇ ಹೋಗಿ. ಕಲ್ಲಿನ ಬಣ್ಣವನ್ನೂ ಗಮನಿಸಿ. ಮೇಲೆ ಕಲ್ಲುಹೂವು ಬೆಳೆದು ಕಪ್ಪಾದ ಕಲ್ಲು ಬಹಳ ವರ್ಷದಿಂದ ಅಲುಗಿಲ್ಲ, ಅದನ್ನು ಕೊಂಚ ನಂಬಬಹುದು (ಒದ್ದೆಯಾಗಿದ್ದರೆ ಬೇಡ, ಜಾರುತ್ತದೆ). ಹೊಸದಾಗಿ ಸೀಳಿದಂತೆ ಬೆಳ್ಳಗೆ, ಚೂಪಾಗಿ ಕಾಣುವ ಕಲ್ಲುಗಳು ಜಾಸ್ತಿ ಇದ್ದರೆ ಮೇಲಿಂದ ಈಗಲೂ ಉದುರುತ್ತಿವೆ ಎಂದರ್ಥ. ಅಲ್ಲಿ ಕೂತು ಬಿಸ್ಕತ್ತು ತಿನ್ನಬೇಡಿ.

ಗುಂಪಿನಲ್ಲಿದ್ದರೆ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು. ಇಕ್ಕಟ್ಟಾದ ಕೊರಕಲಲ್ಲಿ ಬೇರೆ ದಾರಿ ಇಲ್ಲದಿದ್ದರೆ ತೀರಾ ಹತ್ತಿರ ಹತ್ತಿರ ಸಾಗಿ. ಆಗ ಜಾರಿದ ಕಲ್ಲು ವೇಗ ಹಿಡಿಯುವ ಮೊದಲೇ ಕೆಳಗಿನವರ ಕಾಲಿಗೆ ಸಿಗುತ್ತದೆ. ಕಲ್ಲು ಕಿತ್ತು ಬಂದರೆ ಜೋರಾಗಿ ಕೂಗಿ ಹೇಳಿ. ಸಂಕೋಚ ಬೇಡ. ಹೆಲ್ಮೆಟ್ ಅಂತೂ ಇರಲೇಬೇಕು.

ಇಳಿಯುವಾಗ ಮಾತ್ರ ಅದೇ ಜಾರುವ ಗುಣ ನಿಮ್ಮ ಪರ. ಸಣ್ಣ ಕಲ್ಲು ದಪ್ಪಗೆ ಹಾಸಿದ್ದರೆ ಹಿಮ್ಮಡಿಯನ್ನು ಒಳಗೆ ಊರಿ, ಮಂಡಿ ಸ್ವಲ್ಪ ಬಾಗಿಸಿ ಇಳಿಯಿರಿ. ಕಾಲು ಕಲ್ಲಿನ ಜೊತೆ ಒಂದಿಷ್ಟು ಜಾರಿ ತಾನೇ ನಿಲ್ಲುತ್ತದೆ. ಅಷ್ಟರಲ್ಲಿ ಮುಂದಿನ ಹೆಜ್ಜೆ. ಭಯಕ್ಕೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಬೀಳುವುದು ಅಲ್ಲೇ. ಮೈಭಾರ ಪಾದದ ಮೇಲೇ ಇರಬೇಕು. ಜಪಾನಿನ ಫ್ಯೂಜಿ ಪರ್ವತದ ಗೊಟೆಂಬಾ ದಾರಿಯಲ್ಲಿ ಜ್ವಾಲಾಮುಖಿಯ ಸಡಿಲ ಮಣ್ಣುಕಲ್ಲಿನ ಉದ್ದ ಇಳಿಜಾರಿದೆ. ಓಸುನಾಬಶಿರಿ ಎಂದು ಹೆಸರು, ಜನ ಅಲ್ಲಿ ಹೀಗೇ ದಾಪುಗಾಲು ಹಾಕುತ್ತಾ ಇಳಿಯುತ್ತಾರೆ. ಟೇಲಸ್ ಮೇಲೆ ಈ ಆಟ ನಡೆಯುವುದಿಲ್ಲ. ಅಲ್ಲಿ ಒಂದೊಂದು ಬಂಡೆಯನ್ನೂ ಒತ್ತಿ ನೋಡಿ, ನಿಧಾನಕ್ಕೆ ಇಳಿಯಬೇಕು.

ತಳ ಕಾಣದ ಸ್ಕ್ರೀಯಲ್ಲೂ ಓಡಬೇಡಿ, ಕೆಳಗೆ ಪ್ರಪಾತ ಇರಬಹುದು. ಎಲ್ಲಕ್ಕಿಂತ ಅಪಾಯ ನುಣುಪು ಬಂಡೆಯ ಮೇಲೆ ತೆಳ್ಳಗೆ ಹರಡಿದ ಪುಡಿಗಲ್ಲು. ದೂರದಿಂದ ಅದೂ ಸ್ಕ್ರೀ ಥರವೇ ಕಾಣುತ್ತದೆ, ಆದರೆ ಹಿಮ್ಮಡಿ ಊರಲು ಜಾಗವೇ ಇಲ್ಲ. ಇಳಿಯುವ ಮೊದಲು ಹಿಮ್ಮಡಿಯಿಂದ ಒಮ್ಮೆ ಒದ್ದು ನೋಡಿ. ಕಾಲು ಹೂತರೆ ಸರಿ. ಟಕ್ ಎಂದು ಗಟ್ಟಿ ತಗುಲಿದರೆ ವಾಪಸ್ ಬಂದು ಬೇರೆ ದಾರಿ ಹುಡುಕಿ.