ಮೆಕೆಂಜಿಯೊಳಗೆ ‘ಜಿ’ ಬಂದದ್ದೆಲ್ಲಿಂದ?

ಸ್ಥಳೀಯ ಇತಿಹಾಸ ಓದುವ ಕನ್ನಡಿಗರಿಗೆ ಮೆಕೆಂಜಿ ಎಂದರೆ ಕೈಫಿಯತ್ತು, ಅಂದರೆ ಊರಿನ ಚರಿತ್ರೆಯ ಬರಹ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಕೈಗೊಂಡು, ಅಳತೆಯ ಜೊತೆಗೇ ಊರೂರಿನ ಶಾಸನ, ವಂಶಾವಳಿ, ಗುಡಿಗಳ ವೃತ್ತಾಂತ ಕೂಡಿಹಾಕಿಸಿದ ಕಾಲಿನ್ ಮೆಕೆಂಜಿಯ ಹೆಸರು ಅದು. ನಾವು ಗಟ್ಟಿಯಾಗಿ ಒತ್ತಿ ಹೇಳುವ ಆ ‘ಜಿ’ ಮಾತ್ರ ಮೂಲ ಹೆಸರಿನಲ್ಲಿ ಇರಲೇ ಇಲ್ಲ. ಅದು ಹುಟ್ಟಿದ್ದು ಕಾಗದದ ಮೇಲೆ, ಅಚ್ಚುಮನೆಯಲ್ಲಿ.

ಮೂಲ ಹೆಸರು ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ ಗೇಲಿಕ್ ಭಾಷೆಯದು. ‘ಮಾಕ್’ ಎಂದರೆ ಮಗ. ‘ಕೊಞಾಖ್’ ಎಂಬುದು ಒಬ್ಬನ ಹೆಸರು. ಚೆಲುವ, ಸುಂದರ ಎಂದು ಅರ್ಥ. ಷಷ್ಠಿ ವಿಭಕ್ತಿಯಲ್ಲಿ ಅದು ‘ಕೊಞಿಹ್’ ಆಗುತ್ತದೆ. ಎರಡೂ ಸೇರಿ ‘ಮಾಕ್ ಕೊಞಿಹ್’, ಅಂದರೆ ಚೆಲುವನ ಮಗ. ಹೆಣ್ಣುಮಕ್ಕಳಿಗೆ ಗೇಲಿಕ್‌ನಲ್ಲಿ ಇಂದಿಗೂ ‘ಮಾಕ್’ ಸೇರಿಸುವುದಿಲ್ಲ, ‘ನಿಕ್’ ಸೇರಿಸುತ್ತಾರೆ.

ಹೆಸರಿನ ಅರ್ಥ ಹೇಳುವ ಪುಸ್ತಕಗಳು ಮುಗ್ಗರಿಸುವುದು ಇಲ್ಲೇ. ‘ಕೊಞಾಖ್’ ಇಂಗ್ಲಿಷಿನಲ್ಲಿ ‘ಕೆನೆತ್’ ಆಗುತ್ತದೆ. ಆದರೆ ಈ ‘ಕೆನೆತ್’ ಎರಡು ಬೇರೆಬೇರೆ ಗೇಲಿಕ್ ಹೆಸರುಗಳಿಗೆ ಹಾಕಿದ ಒಂದೇ ಮುಸುಕು. 858ರಲ್ಲಿ ತೀರಿಕೊಂಡ ರಾಜ ಕೆನೆತ್ ಮ್ಯಾಕ್‌ಆಲ್ಪಿನ್‌ನ ಹೆಸರು ಬೇರೆ. ಅದಕ್ಕೆ ‘ಬೆಂಕಿಯಲ್ಲಿ ಹುಟ್ಟಿದವ’ ಎಂದು ಅರ್ಥ ಹೇಳುವುದುಂಟು. ಮೆಕೆಂಜಿಯೊಳಗಿರುವ ಕೆನೆತ್ ಇನ್ನೊಬ್ಬ. ಐರ್ಲೆಂಡಿನ ಕಿಲ್ಕೆನ್ನಿ ಪಟ್ಟಣಕ್ಕೆ ಹೆಸರು ಕೊಟ್ಟ ಆರನೆಯ ಶತಮಾನದ ಸಂತನ ಹೆಸರು ಅದು. ಕುಲದ ಲಾಂಛನದಲ್ಲಿ ಉರಿಯುವ ಬೆಟ್ಟ ಇರುವುದರಿಂದ ಬೆಂಕಿಯ ಅರ್ಥವನ್ನೇ ಇಲ್ಲಿಗೂ ಅಂಟಿಸಿಬಿಡುತ್ತಾರೆ. ಸರಿಯಲ್ಲ.

ಇನ್ನು ಆ ನಡುವಿನ ಸದ್ದು. ಚ ಛ ಜ ಝ ಞ ಎಂದು ಬಾಯಿಪಾಠ ಮಾಡಿ ಆಮೇಲೆ ಮರೆತುಬಿಡುವ ಞ ನಮ್ಮಲ್ಲಿದೆಯಲ್ಲ, ಬಹುಮಟ್ಟಿಗೆ ಅದೇ. ನಾಲಿಗೆಯ ನಡು ಅಂಗುಳಕ್ಕೆ ತಾಗಿ ಮೂಗಿನಿಂದ ಬರುವ ಸದ್ದು. ರೋಮನ್ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ತಗ್ಗುನಾಡಿನ ಸ್ಕಾಟ್ಸ್ ಭಾಷೆಯಲ್ಲಿ ದಸ್ತಾವೇಜು ಬರೆಯುತ್ತಿದ್ದ ಲಿಪಿಕಾರರು ಒಂದು ಉಪಾಯ ಮಾಡಿಕೊಂಡಿದ್ದರು: ‘ನ’ಕಾರದ ಮುಂದೆ ‘ಯೋಖ್’ ಎಂಬ ಅಕ್ಷರ. ನೋಡಲು ಇಂಗ್ಲಿಷಿನ ಮೂರರ ಅಂಕಿಯಂತೆ, ಗೆರೆಯಿಂದ ಕೆಳಗಿಳಿದ ಬಾಲ. ಉಚ್ಚಾರ ಹೆಚ್ಚೂಕಡಿಮೆ ‘ಯ’. ಎರಡೂ ಸೇರಿದರೆ ಞ ಅಥವಾ ಙ.

ತೊಡಕು ಏನೆಂದರೆ, ಅಂದಿನ ಕೈಬರಹದಲ್ಲಿ ‘ಜ಼ಡ್’ ಅಕ್ಷರಕ್ಕೂ ಅಂಥದ್ದೇ ಬಾಲ ಎಳೆಯುತ್ತಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟರೂ ಗುರುತಿಸುವುದು ಕಷ್ಟ. 1508ರಲ್ಲಿ ಚೆಪ್ಮನ್ ಮತ್ತು ಮಿಲ್ಲರ್ ಎಂಬಿಬ್ಬರು ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡಿನ ಮೊದಲ ಮುದ್ರಣಾಲಯದ ಕೆಲಸ ಶುರುಮಾಡಿದರು. ಯುರೋಪ್ ಖಂಡದಿಂದ ಬರುತ್ತಿದ್ದ ಅಚ್ಚುಮೊಳೆಗಳಲ್ಲಿ ಯೋಖ್ ಇರಲಿಲ್ಲ. ಅಲ್ಲಿನ ಭಾಷೆಗಳಿಗೆ ಅದು ಬೇಕಾಗಿರಲೂ ಇಲ್ಲ. ಆಕಾರದಲ್ಲಿ ಹತ್ತಿರವಿದ್ದ ಜ಼ಡ್ ಮೊಳೆಯನ್ನೇ ಮುದ್ರಕರು ಕೂರಿಸಿದರು. ಓದುವವರಿಗೆ ಒಳಗುಟ್ಟು ಗೊತ್ತಿದ್ದಷ್ಟು ಕಾಲ ತೊಂದರೆಯಾಗಲಿಲ್ಲ. ಹದಿನೇಳನೆಯ ಶತಮಾನದ ಹೆಸರಾಂತ ಸರ್ಕಾರಿ ವಕೀಲ ಸರ್ ಜಾರ್ಜ್ ಮೆಕೆಂಜಿಯ ಹೆಸರು ಬರಹದಲ್ಲಿ ಜ಼ಡ್ ಹೊತ್ತಿದ್ದರೂ ಬಾಯಲ್ಲಿ ‘ಮಕಿಙಿ’ಯೇ ಆಗಿತ್ತು. ಗುಟ್ಟು ತಿಳಿಯದವರು ಕಂಡದ್ದನ್ನು ಕಂಡ ಹಾಗೆ ಓದತೊಡಗಿದಾಗ ಹೊಸ ಉಚ್ಚಾರ ಹುಟ್ಟಿತು.

ಇದೇ ಗಾಯ ಬೇರೆ ಹೆಸರುಗಳಿಗೂ ಆಯಿತು, ಆದರೆ ಕೆಲವು ಬದುಕಿಕೊಂಡವು. ‘ಮೆಂಜೀಸ್’ ಎಂದು ಬರೆದದ್ದನ್ನು ಸ್ಕಾಟ್ಲೆಂಡಿನ ಹಲವರು ಇಂದಿಗೂ ‘ಮಿಂಗಿಸ್’ ಎನ್ನುತ್ತಾರೆ. ಆಸ್ಟ್ರೇಲಿಯಾದ ಪ್ರಧಾನಿ ರಾಬರ್ಟ್ ಮೆಂಜೀಸ್‌ಗೆ ‘ಮಿಂಗ್’ ಎಂಬ ಅಡ್ಡಹೆಸರು ಬಂದದ್ದು ಅದರಿಂದಲೇ. ‘ಡಾಲ್ಜಿಯೆಲ್’ ಎಂದು ಕಾಣುವುದು ‘ಡೀಯೆಲ್’. ಕರಾವಳಿಯ ‘ಕಲ್ಜೀನ್’ ಕೋಟೆಯನ್ನು ‘ಕಲೇನ್’ ಎನ್ನದಿದ್ದರೆ ಅಲ್ಲಿಯವರು ನಗುತ್ತಾರೆ. ಮೆಕೆಂಜಿ ಏಕೆ ಸೋತಿತು? ಆ ಹೆಸರಿನವರು ಸಂಖ್ಯೆಯಲ್ಲೂ ಹೆಚ್ಚು, ಊರು ಬಿಟ್ಟವರೂ ಹೆಚ್ಚು. ಹೆಸರನ್ನು ಕಿವಿಯಲ್ಲಿ ಕೇಳದೆ ಕಾಗದದಲ್ಲಷ್ಟೇ ಕಂಡವರು ಜಾಸ್ತಿಯಾದಾಗ ಬರಹದ್ದೇ ಮೇಲುಗೈ ಎಂಬುದು ನಮ್ಮ ಎಣಿಕೆ.

ಸಂಖ್ಯೆ ಹೆಚ್ಚಿದ್ದು ಒಬ್ಬನೇ ಚೆಲುವನ ಸಂತತಿಯಿಂದಲ್ಲ. ಪಶ್ಚಿಮ ಕರಾವಳಿಯ ಕಿಂಟೇಲ್ ಈ ಕುಲದ ಹಳೆಯ ನೆಲೆ. ಅಲ್ಲಿಂದ ರಾಸ್ ಸೀಮೆಯುದ್ದಕ್ಕೂ ಹಬ್ಬಿದರು, 1610ರಲ್ಲಿ ಲೂಯಿಸ್ ದ್ವೀಪ ಕೈಗೆ ಬಂತು, 1623ರಲ್ಲಿ ಮುಖ್ಯಸ್ಥನಿಗೆ ಸೀಫೋರ್ತ್‌ನ ಅರ್ಲ್ ಪದವಿ ದೊರೆಯಿತು. ಗುಡ್ಡಗಾಡಿನಲ್ಲಿ ಕಾಯಂ ಉಪನಾಮ ತಡವಾಗಿ ನೆಲೆಯೂರಿತು. ಅಲ್ಲಿಯವರೆಗೆ ‘ಇಂಥವನ ಮಗ ಇಂಥವನ ಮೊಮ್ಮಗ’ ಎಂಬ ಸರಪಳಿಯೇ ಗುರುತು. ಬರಹದ ಲೆಕ್ಕಕ್ಕೆ ಒಂದು ಕುಲನಾಮ ಬೇಕಾದಾಗ ಗೇಣಿದಾರರು, ಆಶ್ರಿತರು ಒಡೆಯನ ಹೆಸರನ್ನೇ ಹಿಡಿದರು. ಹಾಗಾಗಿ ಮೆಕೆಂಜಿ ಎಂದಾಕ್ಷಣ ರಕ್ತಸಂಬಂಧ ಎಂದೇನಿಲ್ಲ.

ಮುಖ್ಯಸ್ಥರ ಮನೆತನವೂ ಒಂದು ಕಟ್ಟುಕಥೆ ಹೊಸೆದುಕೊಂಡಿತ್ತು: ಕಾಲಿನ್ ಫಿಟ್ಸ್‌ಜೆರಾಲ್ಡ್ ಎಂಬ ಐರಿಷ್ ಯೋಧ 1263ರ ಲಾರ್ಗ್ಸ್ ಕದನದಲ್ಲಿ ಪರಾಕ್ರಮ ತೋರಿ 1266ರಲ್ಲಿ ರಾಜನಿಂದ ಕಿಂಟೇಲನ್ನು ಉಂಬಳಿ ಪಡೆದನಂತೆ. ಕಥೆ ಮೆರೆದದ್ದು ಹದಿನೇಳನೆಯ ಶತಮಾನದಲ್ಲಿ. ಆ ಸನ್ನದು ನಕಲಿ ಎಂಬುದು ಇಂದಿನ ಇತಿಹಾಸಕಾರರ ತೀರ್ಮಾನ. ಪಾಳೆಯಗಾರರ ವಂಶಾವಳಿಗಳನ್ನು ಓದಿದವರಿಗೆ ಇದೇನೂ ಹೊಸ ವಿದ್ಯೆಯಲ್ಲ.

ಕಾಲಿನ್ ಮೆಕೆಂಜಿ ಇದೇ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. 1783ರಲ್ಲಿ ಮದ್ರಾಸಿಗೆ ಬಂದು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. 1816ರಲ್ಲಿ ಥಾಮಸ್ ಹಿಕಿ ಬರೆದ ಅವನ ಭಾವಚಿತ್ರದಲ್ಲಿ ಜೈನ ಪಂಡಿತ ಧರ್ಮಯ್ಯನೂ ಇದ್ದಾನೆ; ಹಿಂದೆ ಬೆಟ್ಟದ ಮೇಲೆ ಕಾರ್ಕಳದ ಗೊಮ್ಮಟ. ಅದೇ ದ್ವೀಪದ ಅಲೆಕ್ಸಾಂಡರ್ ಮೆಕೆಂಜಿ ಕೆನಡಾವನ್ನು ಅಡ್ಡಹಾದು 1793ರಲ್ಲಿ ಪೆಸಿಫಿಕ್ ತಲುಪಿದ. ಅಲ್ಲಿನ ದೊಡ್ಡ ನದಿಗೆ ಅವನ ಹೆಸರಿದೆ. ಕೆರಿಬಿಯನ್ ದ್ವೀಪಗಳಲ್ಲಿ ಈ ಹೆಸರು ಹೊತ್ತ ಕಪ್ಪು ಜನರ ಹಿಂದೆ ಇರುವುದು ಬೇರೆಯದೇ ಚರಿತ್ರೆ: ಸ್ಕಾಟಿಷ್ ಒಡೆಯರ ಕಬ್ಬಿನ ತೋಟ, ಗುಲಾಮಗಿರಿ. ಅಮೆರಿಕದಲ್ಲಿ 1990ರ ದಶಕದ ಹೊತ್ತಿಗೆ ಮೆಕೆಂಜಿ ಹೆಣ್ಣುಮಕ್ಕಳಿಗಿಡುವ ಜನಪ್ರಿಯ ಹೆಸರಾಯಿತು. ‘ಮಗ’ ಎಂದೇ ಆರಂಭವಾಗುವ ಹೆಸರು!

ದಾಖಲೆಗಳಲ್ಲಿ ಮೆಕೆಂಜಿಗಳನ್ನು ಹುಡುಕುವವರು ಮೊದಲು ಒಂದು ನಂಬಿಕೆ ಬಿಡಬೇಕು. ‘ಮ್ಯಾಕ್’ ಸ್ಕಾಟಿಷ್, ‘ಎಮ್‌ಸಿ’ ಐರಿಷ್ ಎಂಬುದು ಸುಳ್ಳು. ಎರಡನೆಯದು ಮೊದಲನೆಯದರ ಸಂಕ್ಷೇಪವಷ್ಟೇ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಒಬ್ಬ ಗುಮಾಸ್ತ ಹಾಗೆ, ಇನ್ನೊಬ್ಬ ಹೀಗೆ ಬರೆದಿರಬಹುದು. ಸ್ಕಾಟ್ಲೆಂಡಿನಲ್ಲಿ ಜನನ, ಮರಣ, ಮದುವೆಯ ಸರ್ಕಾರಿ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪ್ಯಾರಿಷ್ ದಫ್ತರಗಳೇ ಗತಿ. ಸರ್ಕಾರಿ ಜಾಲತಾಣ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಪೂರ್ತಿ ಹೆಸರು ಟೈಪ್ ಮಾಡಿದರೆ ಅರ್ಧ ಫಲಿತಾಂಶ ಕೈತಪ್ಪುತ್ತದೆ. ‘ಎಮ್’ ಆದ ಮೇಲೆ ನಕ್ಷತ್ರಚಿಹ್ನೆ ಹಾಕಿ ‘ಕೆ’, ‘ಎನ್’ ಉಳಿಸಿಕೊಳ್ಳುವುದು ಮೇಲು. ಯೋಖ್ ಇದ್ದ ಜಾಗದಲ್ಲಿ ನಕಲುಗಾರ ಜ಼ಡ್ ಓದಿರಬಹುದು, ವೈ ಓದಿರಬಹುದು, ಆ ಅಕ್ಷರಕ್ಕೂ ನಕ್ಷತ್ರವೇ ಇರಲಿ. ಮದುವೆಯಾದ ಹೆಂಗಸರನ್ನು ತವರಿನ ಹೆಸರಲ್ಲೂ ಹುಡುಕಿ, ಏಕೆಂದರೆ ಸ್ಕಾಟಿಷ್ ದಾಖಲೆಗಳು ಅದನ್ನು ಕೈಬಿಡುವುದಿಲ್ಲ. 1855ರಿಂದೀಚಿನ ಮರಣದ ದಾಖಲೆಯಲ್ಲಿ ತಾಯಿಯ ತವರಿನ ಹೆಸರಿಗೂ ಜಾಗವಿದೆ. ಒಂದೇ ಊರಿನಲ್ಲಿ ಹತ್ತು ಜನ ಜಾನ್ ಮೆಕೆಂಜಿಗಳು ಎದುರಾದಾಗ ಬೇರ್ಪಡಿಸಿಕೊಡುವುದು ಅದೇ.

‘ನಿಮ್ಮ ಮನೆತನದ ಲಾಂಛನ’ ಎಂದು ಫ್ರೇಮು ಮಾರುವ ಅಂಗಡಿಗಳಿಗೆ ದುಡ್ಡು ಸುರಿಯಬೇಡಿ. ಸ್ಕಾಟಿಷ್ ಕಾನೂನಿನಲ್ಲಿ ಲಾಂಛನ ವ್ಯಕ್ತಿಯದು, ಉಪನಾಮದ್ದಲ್ಲ. ಅದನ್ನು ನೋಡಿಕೊಳ್ಳಲು ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವೇ ಇದೆ. ಕುಲದ ಸಾಮಾನ್ಯ ಸದಸ್ಯರು ತೊಡಬಹುದಾದದ್ದು ಬೆಲ್ಟು-ಬಕಲಿನ ಉಂಗುರದೊಳಗಿನ ಉರಿಯುವ ಬೆಟ್ಟದ ಬಿಲ್ಲೆ ಮಾತ್ರ.

ಕನ್ನಡದಲ್ಲಿ ಈ ಹೆಸರನ್ನು ಮೆಕೆಂಜಿ, ಮೆಕೆಂಝಿ, ಮ್ಯಾಕೆಂಜಿ, ಮೆಕಂಜಿ ಎಂದೆಲ್ಲ ಅಚ್ಚು ಹಾಕಿದ್ದೇವೆ. ಕೈಫಿಯತ್ತು ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದವರು ಒಂದು ರೂಪ ಸಿಗಲಿಲ್ಲವೆಂದು ವಾಪಸಾಗದೆ ಉಳಿದವನ್ನೂ ನೋಡಬೇಕು.